ಅಪರಾಧಶಾಸ್ತ್ರದ ಉನ್ನತ ವ್ಯಾಸಂಗ: ನಮ್ಮ ಯುವಜನರು ಏಕೆ ಹಿಂಜರಿಯಬೇಕು?

ಪದವಿ ಪರೀಕ್ಷೆಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಧರ್ಮಕೇಂದ್ರದ ಕಚೇರಿಗೆ ಬರುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತದೆ. ಜ್ಞಾನಸ್ನಾನದ ಪ್ರಮಾಣಪತ್ರ, ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಅರ್ಜಿ, ಕಾಲೇಜಿಗೊಂದು ಶಿಫಾರಸು ಪತ್ರ, ಇವು ಅವರು ಬರುವ ಕಾರಣಗಳು. ಮಗಳಿಗೆ ನರ್ಸಿಂಗ್, ಮಗನಿಗೆ ಎಂಬಿಎ ಅಥವಾ ಎಂಜಿನಿಯರಿಂಗ್, ಆಮೇಲೆ ಗಲ್ಫ್ ಇಲ್ಲವೇ ಕೆನಡಾ ಎಂಬ ದಾರಿ ಬಹುತೇಕ ಮನೆಗಳಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ಇವರ ನಡುವೆ ಅಪರೂಪಕ್ಕೊಮ್ಮೆ ಒಬ್ಬ ಯುವಕನೋ ಯುವತಿಯೋ ಅಪರಾಧಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಇಚ್ಛೆಯನ್ನು ವ್ಯಕ್ತಪಡಿಸಿದರೆ ಹೆತ್ತವರ ಮುಖ ಬಾಡುತ್ತದೆ. "ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ ಫಾದರ್" ಎಂಬ ಮಾತನ್ನು ನಾವು ಹಲವು ಬಾರಿ ಕೇಳಿದ್ದೇವೆ. ಅದರಲ್ಲಿ ಹೆಮ್ಮೆಯೂ ಇದೆ, ಭಯವೂ ಇದೆ. ಆ ಹೆಮ್ಮೆ ಮತ್ತು ಭಯ ಎರಡನ್ನೂ ಇಂದು ಕೊಂಚ ಪರಾಮರ್ಶಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಫಳ್ನೀರಿನವರಾದ ನಮಗೆ ಈ ವಿಷಯ ದೂರದ್ದೇನಲ್ಲ. ಫಳ್ನೀರ್ ರಸ್ತೆಯಲ್ಲಿ ಕಂಕನಾಡಿಯ ಕಡೆಗೆ ನಡೆದು ವೆಲೆನ್ಸಿಯಾ ತಲುಪಿದರೆ ಅಲ್ಲಿ ರೋಶನಿ ನಿಲಯವಿದೆ. ಮರಿಯಾ ಹೃದಯದ ಪುತ್ರಿಯರ ಸಂಸ್ಥೆಯ ಧರ್ಮಭಗಿನಿಯರು 1960ರಲ್ಲಿ ಸ್ಥಾಪಿಸಿದ ಈ ಸಮಾಜಕಾರ್ಯ ವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಎಂ.ಎಸ್ಸಿ. ವ್ಯಾಸಂಗಕ್ಕೆ ಅವಕಾಶವಿದೆ. ಅನ್ಯ ಜಿಲ್ಲೆಗಳಿಂದ, ಅನ್ಯ ರಾಜ್ಯಗಳಿಂದ ವಿದ್ಯಾರ್ಥಿಗಳು ಹಾಸ್ಟೆಲ್ ಹುಡುಕಿಕೊಂಡು ಬಂದು ಕಲಿಯುವ ವಿದ್ಯೆ ನಮ್ಮ ಮನೆಗಳಿಂದ ಕಾಲ್ನಡಿಗೆಯ ದೂರದಲ್ಲಿದೆ. ಆದರೂ ನಮ್ಮಲ್ಲಿ ಅನೇಕರಿಗೆ ಅಲ್ಲಿ ಏನನ್ನು ಕಲಿಸುತ್ತಾರೆ ಎಂಬುದೇ ತಿಳಿಯದು.

ಮೊದಲು ಈ ಶಾಸ್ತ್ರದ ಸ್ವರೂಪವನ್ನು ಅರಿಯೋಣ. ಅದು ಮೂರು ಪ್ರಶ್ನೆಗಳ ಸುತ್ತ ಬೆಳೆದಿದೆ. ಮನುಷ್ಯ ಅಪರಾಧವೆಸಗುವುದೇಕೆ? ಅಪರಾಧವನ್ನು ನ್ಯಾಯವಾದ ರೀತಿಯಲ್ಲಿ ಕಂಡುಹಿಡಿದು ರುಜುವಾತುಪಡಿಸುವುದು ಹೇಗೆ? ಅನಂತರ ಅಪರಾಧಿಯನ್ನೂ ನೊಂದವರನ್ನೂ ಸಮಾಜ ಹೇಗೆ ನಡೆಸಿಕೊಳ್ಳಬೇಕು? ಮೊದಲನೆಯದಕ್ಕೆ ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರ, ಎರಡನೆಯದಕ್ಕೆ ಕಾನೂನು, ತನಿಖಾವಿಧಾನ ಮತ್ತು ವಿಧಿವಿಜ್ಞಾನ, ಮೂರನೆಯದಕ್ಕೆ ದಂಡಶಾಸ್ತ್ರ, ಸೆರೆಮನೆಯ ಆಡಳಿತ ಮತ್ತು ಸಂತ್ರಸ್ತರ ಕುರಿತಾದ ಅಧ್ಯಯನ ಸಂಬಂಧಿಸಿವೆ. ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ ಓದುವುದೇ ಈ ವ್ಯಾಸಂಗದ ವಿಶೇಷ. ವಕೀಲನಿಗೆ ಕಾನೂನು ಗೊತ್ತು, ವೈದ್ಯನಿಗೆ ಗಾಯ ಗೊತ್ತು, ಠಾಣಾಧಿಕಾರಿಗೆ ಊರು ಗೊತ್ತು. ಮೂವರ ಮಾತನ್ನೂ ಅರ್ಥಮಾಡಿಕೊಳ್ಳಬಲ್ಲ ಒಬ್ಬರು ಬೇಕಾಗುತ್ತದೆ.

ಈ ಚಿಂತನೆಗೆ ದೀರ್ಘ ಇತಿಹಾಸವಿದೆ. ಇಟಲಿಯ ಚೆಸಾರೆ ಬೆಕ್ಕಾರಿಯಾ 1764ರಲ್ಲಿ ಅಪರಾಧ ಮತ್ತು ಶಿಕ್ಷೆಗಳ ಕುರಿತು ಗ್ರಂಥ ಬರೆದು ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ತರ್ಕಬದ್ಧವಾಗಿ ಖಂಡಿಸಿದನು. 1876ರಲ್ಲಿ ಅದೇ ದೇಶದ ವೈದ್ಯ ಲೊಂಬ್ರೋಸೊ ಅಪರಾಧಿಗಳು ಹುಟ್ಟಿನಿಂದಲೇ ಹಾಗಿರುತ್ತಾರೆ, ತಲೆಬುರುಡೆಯ ಆಕಾರದಿಂದಲೇ ಅವರನ್ನು ಗುರುತಿಸಬಹುದು ಎಂದು ವಾದಿಸಿದನು. ಮುಂದಿನ ತಲೆಮಾರಿನ ವಿದ್ವಾಂಸರು ಆ ವಾದವನ್ನು ಪರೀಕ್ಷಿಸಿ ತಿರಸ್ಕರಿಸಿದರು. ಹೀಗೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಗುಣವೇ ಒಂದು ವಿದ್ಯೆಯನ್ನು ಶಾಸ್ತ್ರವನ್ನಾಗಿಸುತ್ತದೆ. ಪೊಲೀಸ್ ಕೆಲಸಕ್ಕೂ ವಿಶ್ವವಿದ್ಯಾನಿಲಯಕ್ಕೂ ಮೊದಲು ನಂಟು ಬೆಸೆದವನು ಅಮೆರಿಕದ ಬರ್ಕ್ಲಿ ನಗರದ ಪೊಲೀಸ್ ಮುಖ್ಯಸ್ಥ ಆಗಸ್ಟ್ ವೋಲ್ಮರ್. 1908ರಲ್ಲಿ ತನ್ನ ಸಿಬ್ಬಂದಿಗಾಗಿ ಶಾಲೆ ತೆರೆದ ಅವನು, 1916ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದ ಬೋಧನೆ ಆರಂಭವಾಗುವಂತೆ ಮಾಡಿದನು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಪರಾಧಶಾಸ್ತ್ರದ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. ಅದೇ ವರ್ಷ ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾನಿಲಯವೂ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವನ್ನು ತೆರೆಯಿತು. ನಮ್ಮ ರಾಜ್ಯದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಈ ವಿಷಯದ ಸ್ನಾತಕೋತ್ತರ ವಿಭಾಗವಿದೆ. ಸ್ವತಂತ್ರ ಭಾರತವು ಹಿರಿಯ ಪೊಲೀಸ್ ಅಧಿಕಾರಿಗಳ ತರಬೇತಿಗಾಗಿ 1948ರಲ್ಲಿ ಮೌಂಟ್ ಅಬುವಿನಲ್ಲಿ ತೆರೆದ ಕಾಲೇಜು, 1975ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದು ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಎಂದು ಖ್ಯಾತವಾಗಿದೆ.

ಪೊಲೀಸ್ ಕೆಲಸಕ್ಕೆ ಓದು ಏಕೆ, ಗಟ್ಟಿ ದೇಹ ಮತ್ತು ಗಟ್ಟಿ ಧ್ವನಿ ಸಾಲದೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯ ಹಿಂದೆ ಪೊಲೀಸ್ ಎಂದರೇನು ಎಂಬ ಒಂದು ಕಲ್ಪನೆ ಅಡಗಿದೆ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಪೊಲೀಸ್ ದಳವನ್ನು ಕಟ್ಟಿದಾಗ, ಪೇದೆಯು ಸಮವಸ್ತ್ರ ಧರಿಸಿದ ನಾಗರಿಕ ಎಂಬ ಭಾವನೆ ಅಲ್ಲಿ ಬೇರೂರಿತು. ಆದರೆ ಬ್ರಿಟಿಷರು ಭಾರತಕ್ಕೆ ತಂದದ್ದು ಆ ಮಾದರಿಯನ್ನಲ್ಲ. ಆಳಿಸಿಕೊಳ್ಳಲು ಒಪ್ಪದ ಐರ್ಲೆಂಡನ್ನು ಹದ್ದುಬಸ್ತಿನಲ್ಲಿಡಲು ರೂಪಿಸಿದ ಅರೆಸೈನಿಕ ಮಾದರಿಯನ್ನು ತಂದರು. 1861ರ ಪೊಲೀಸ್ ಕಾಯಿದೆಯ ಮೂಲಪ್ರೇರಣೆ ಅದೇ. ನಮ್ಮ ಕರಾವಳಿ ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಆ ಪ್ರೆಸಿಡೆನ್ಸಿಯಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಚಿತ್ರಹಿಂಸೆಯನ್ನು ಬಳಸಲಾಗುತ್ತಿದೆಯೆಂಬ ದೂರುಗಳನ್ನು ವಿಚಾರಿಸಲು ನೇಮಕವಾದ ಆಯೋಗವು 1855ರಲ್ಲಿ ವರದಿ ನೀಡಿ, ದೂರುಗಳು ನಿಜವೆಂದು ಕಂಡುಕೊಂಡಿತು. 1872ರ ಸಾಕ್ಷ್ಯ ಕಾಯಿದೆಯು ಪೊಲೀಸ್ ಅಧಿಕಾರಿಯ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವನ್ನಾಗಿ ಬಳಸುವಂತಿಲ್ಲವೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ನಿಯಮ ಉಳಿದುಕೊಂಡಿದೆ. ಪೊಲೀಸರ ಮೇಲಿನ ಅಪನಂಬಿಕೆಯನ್ನು ಕಾನೂನೇ ಒಂದೂವರೆ ಶತಮಾನದಿಂದ ಬರೆದಿಟ್ಟುಕೊಂಡು ಬಂದಿದೆಯೆಂದರೆ ಅದು ಚಿಂತಿಸಬೇಕಾದ ವಿಷಯವಲ್ಲವೇ? ಹೊಡೆದು ಬಾಯಿ ಬಿಡಿಸುವುದು ವಿದ್ಯೆಯಿಲ್ಲದ ತನಿಖೆಯ ದಾರಿ. ಸಾಕ್ಷ್ಯವನ್ನು ಓದಬಲ್ಲವನಿಗೆ ಆ ದಾರಿಯ ಅಗತ್ಯವಿರುವುದಿಲ್ಲ.

ನಮ್ಮ ಜಿಲ್ಲೆಯವೇ ಆದ ಎರಡು ಉದಾಹರಣೆಗಳನ್ನು ನೋಡೋಣ. 2009ರಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದ ಪ್ರಕರಣದ ಬೆನ್ನು ಹತ್ತಿದ ಪೊಲೀಸರು, ದೂರವಾಣಿ ಕರೆಗಳ ಜಾಡು ಹಿಡಿದು ಆ ವರ್ಷದ ಅಕ್ಟೋಬರಿನಲ್ಲಿ ಮೋಹನ್ ಕುಮಾರ್ ಎಂಬ ಶಾಲಾ ಶಿಕ್ಷಕನನ್ನು ಬಂಧಿಸಿದರು. ಮದುವೆಯ ಆಸೆ ತೋರಿಸಿ ಬಡ ಯುವತಿಯರನ್ನು ಪರ ಊರುಗಳಿಗೆ ಕರೆದೊಯ್ದು, ಸಯನೈಡ್ ನೀಡಿ ಕೊಂದು, ಅವರ ಆಭರಣಗಳೊಂದಿಗೆ ಮರಳುತ್ತಿದ್ದವನು ಇವನೇ. ಒಟ್ಟು 20 ಮಹಿಳೆಯರ ಕೊಲೆಯ ಪ್ರಕರಣಗಳು ಅವನ ಮೇಲೆ ದಾಖಲಾದವು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ತೀರ್ಪುಗಳನ್ನು ನೀಡಿತು. 2020ರಲ್ಲಿ ಕೊನೆಯ ಪ್ರಕರಣದ ವಿಚಾರಣೆ ಮುಗಿಯಿತು. ಆ ತನಿಖೆ ಶ್ಲಾಘನೀಯ. ಆದರೆ ಅದಕ್ಕೂ ಹಿಂದಿನ ವರ್ಷಗಳತ್ತ ಕಣ್ಣು ಹಾಯಿಸಬೇಕು. ರಾಜ್ಯದ ಬೇರೆ ಬೇರೆ ಊರುಗಳ ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಹೆಣ್ಣುಮಕ್ಕಳು ಒಂದೇ ರೀತಿಯಲ್ಲಿ ಸತ್ತುಬಿದ್ದಾಗ, ಒಂದೊಂದು ಠಾಣೆಯೂ ಅದನ್ನು ತನ್ನ ವ್ಯಾಪ್ತಿಯ ಒಂದು ಅಸಹಜ ಸಾವು ಎಂದು ಬರೆದುಕೊಂಡು ಕಡತ ಮುಚ್ಚಿತು. ಆ ಕಡತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವವರು ಯಾರೂ ಇರಲಿಲ್ಲ. ಒಂದೇ ಕೈಯ ಕೃತ್ಯಗಳನ್ನು ಅವುಗಳ ರೀತಿಯಿಂದಲೇ ಗುರುತಿಸಿ ಜೋಡಿಸುವುದು ಅಪರಾಧಶಾಸ್ತ್ರದ ವಿದ್ಯಾರ್ಥಿ ಕಲಿಯುವ ಪಾಠಗಳಲ್ಲೊಂದು. ಆ ಪಾಠ ಬಲ್ಲವರೊಬ್ಬರು ಆಗ ಇದ್ದಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೋ!

ಎರಡನೆಯದು ಇನ್ನೂ ನೋವಿನದು. 2012ರ ಅಕ್ಟೋಬರಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಹದಿಹರೆಯದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಅತ್ಯಾಚಾರಕ್ಕೀಡಾಗಿ ಕೊಲೆಯಾದಳು. ಸ್ಥಳೀಯ ಪೊಲೀಸರು, ಅನಂತರ ಸಿಐಡಿ, ಆಮೇಲೆ ಸಿಬಿಐ ತನಿಖೆ ನಡೆಸಿದವು. 2023ರ ಜೂನಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಆರೋಪಿಯನ್ನು ದೋಷಮುಕ್ತನೆಂದು ಬಿಡುಗಡೆ ಮಾಡಿತು. ಹತ್ತು ವರ್ಷಗಳಿಗೂ ಮಿಕ್ಕಿದ ಕಾಲ ಒಬ್ಬ ಮನುಷ್ಯ ಕೊಲೆಗಾರನೆಂಬ ಹಣೆಪಟ್ಟಿ ಹೊತ್ತು ಬದುಕಿದ, ಒಂದು ಕುಟುಂಬ ನ್ಯಾಯಕ್ಕಾಗಿ ಕಾದು ಬರಿಗೈಯಲ್ಲಿ ಉಳಿಯಿತು. ಯಾರನ್ನು ದೂರಬೇಕೆಂಬುದು ಇಲ್ಲಿ ನಮ್ಮ ವಿಷಯವಲ್ಲ. ಆದರೆ ಅಪರಾಧ ನಡೆದ ಮೊದಲ ಗಂಟೆಗಳಲ್ಲಿ ಸಿಗುವ ಕೂದಲು, ಬಟ್ಟೆ, ಮಣ್ಣು, ರಕ್ತ ಒಮ್ಮೆ ಮಳೆಯಲ್ಲಿ ತೊಳೆದುಹೋದರೆ ಅಥವಾ ತಪ್ಪಾಗಿ ಸಂಗ್ರಹವಾದರೆ ಆಮೇಲೆ ಎಷ್ಟು ದೊಡ್ಡ ಸಂಸ್ಥೆ ಬಂದರೂ ಅವನ್ನು ಮರಳಿ ತರಲಾರದು. ಆ ಮೊದಲ ಗಂಟೆಗಳಲ್ಲಿ ಸ್ಥಳದಲ್ಲಿ ನಿಂತಿರುವವರ ವಿದ್ಯೆಯ ಮೇಲೆ ಮುಂದಿನದೆಲ್ಲವೂ ನಿಂತಿದೆ.

ಈ ಅರಿವು ಈಗ ಶಾಸನಗಳಲ್ಲಿಯೂ ಮೂಡಿದೆ. ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಗಾಗಿ 2003ರಲ್ಲಿ ವರದಿ ಸಲ್ಲಿಸಿತ್ತು. ಅದರ ಕೆಲವು ಸಲಹೆಗಳ ಬಗೆಗೆ ಮಾನವಹಕ್ಕುಗಳ ಚಿಂತಕರು ಆಕ್ಷೇಪವೆತ್ತಿದರೂ, ತನಿಖೆ ವೈಜ್ಞಾನಿಕವಾಗಬೇಕೆಂಬ ಮಾತಿಗೆ ಎರಡು ಅಭಿಪ್ರಾಯವಿರಲಿಲ್ಲ. 2024ರಲ್ಲಿ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನದ ತಜ್ಞರು ಭೇಟಿ ನೀಡಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಕಾಲಾವಕಾಶ ನೀಡಲಾಗಿದೆ. ಶೋಧನೆ ಮತ್ತು ಜಪ್ತಿಯ ದೃಶ್ಯ ಮತ್ತು ಧ್ವನಿ ಮುದ್ರಣವೂ ಆಗಬೇಕು. ಪಂಚರ ಸಹಿ ಪಡೆದು ಠಾಣೆಯಲ್ಲಿಯೇ ಮಹಜರು ಬರೆಯುವ ಕಾಲ ಮುಗಿಯಬೇಕೆಂಬುದು ಇದರ ಆಶಯ. ಕರ್ನಾಟಕ ಪೊಲೀಸ್ ಇಲಾಖೆಯೂ ವಿಜ್ಞಾನ ಓದಿದವರನ್ನು ಅಪರಾಧ ಸ್ಥಳ ಪರಿಶೀಲನಾ ಅಧಿಕಾರಿಗಳನ್ನಾಗಿ ನೇಮಿಸಿಕೊಳ್ಳತೊಡಗಿದೆ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವಲ್ಲದೆ ಮಂಗಳೂರಿನಲ್ಲಿಯೂ ಪ್ರಾದೇಶಿಕ ಪ್ರಯೋಗಾಲಯವಿದೆ. ಕಾನೂನು ಬೇಡುವಷ್ಟು ತಜ್ಞರು ಎಲ್ಲಿಂದ ಬರಬೇಕು? ಕಾಲೇಜುಗಳಿಂದಲೇ, ಕಾಲೇಜುಗಳಿಗೆ ಹೋಗುವ ನಮ್ಮ ಮಕ್ಕಳಿಂದಲೇ.

ತನಿಖೆಯ ಮಾತು ಹೀಗಾಯಿತು. ಇನ್ನು ನಾಯಕತ್ವದ ಮಾತು. 2008ರ ಸೆಪ್ಟೆಂಬರ್ 14ರ ಭಾನುವಾರ ಮಿಲಾಗ್ರಿಸ್ ಸಮೀಪದ ಆರಾಧನಾ ಮಠದ ಮೇಲೆ ದಾಳಿ ನಡೆಯಿತು. ಮುಂದಿನ ದಿನಗಳ ಪ್ರತಿಭಟನೆಗಳ ಸಂದರ್ಭದಲ್ಲಿ ಇಗರ್ಜಿಗಳ ಆವರಣದಲ್ಲಿಯೂ ಲಾಠಿ ಪ್ರಹಾರವಾಯಿತು. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗವು 2011ರ ಜನವರಿಯಲ್ಲಿ ಅಂತಿಮ ವರದಿ ನೀಡಿತು. ಅದರ ನಿರ್ಣಯಗಳನ್ನು ನಮ್ಮ ಸಮುದಾಯದ ಬಹುಮಂದಿ ಒಪ್ಪಲಿಲ್ಲ. 2010ರಲ್ಲಿ ಮಂಗಳೂರಿಗೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಬಂದಿತು. 2019ರ ಡಿಸೆಂಬರ್ 19ರಂದು ಪ್ರತಿಭಟನೆಯ ವೇಳೆ ನಡೆದ ಗೋಲಿಬಾರಿನಲ್ಲಿ ಇಬ್ಬರು ಮುಸ್ಲಿಂ ಬಂಧುಗಳು ಅಸುನೀಗಿದರು. ಗಾಯಾಳುಗಳನ್ನು ಕರೆತಂದ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಪೊಲೀಸರು ಅಶ್ರುವಾಯು ಬಳಸಿದ ಮತ್ತು ಒಳಗೆ ನುಗ್ಗಿದ ದೃಶ್ಯಗಳನ್ನು ನಾಡೆಲ್ಲ ಕಂಡಿತು. ಬೇರೆ ಬೇರೆ ವರ್ಷ, ಬೇರೆ ಬೇರೆ ಸಮುದಾಯ, ಬೇರೆ ಬೇರೆ ಅಧಿಕಾರಿಗಳು. ಆದರೆ ಕೇಳಬೇಕಾದ ಪ್ರಶ್ನೆ ಒಂದೇ. ರೊಚ್ಚಿಗೆದ್ದ ಜನರ ಮುಂದೆ ನಿಂತ ಅಧಿಕಾರಿ ಯಾವ ಜ್ಞಾನದ ಆಧಾರದಿಂದ ಆಜ್ಞೆ ನೀಡುತ್ತಾನೆ?

ಈ ಪ್ರಶ್ನೆಗೂ ಶಾಸ್ತ್ರದ ಉತ್ತರಗಳುಂಟು. ಗುಂಪು ಎಂದರೆ ಬುದ್ಧಿ ಕಳೆದುಕೊಂಡ ಒಂದೇ ಪ್ರಾಣಿ ಎಂಬುದು ಹಳೆಯ ನಂಬಿಕೆ. ಸ್ಟೀವ್ ರೈಖರ್, ಕ್ಲಿಫರ್ಡ್ ಸ್ಟಾಟ್ ಮೊದಲಾದ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಅದು ಹಾಗಲ್ಲವೆಂದು ತೋರಿಸಿದರು. ಗುಂಪಿನಲ್ಲಿ ಹಲವು ಬಗೆಯ ಜನರಿರುತ್ತಾರೆ. ಪೊಲೀಸರು ಎಲ್ಲರನ್ನೂ ಒಂದೇ ದೊಣ್ಣೆಯಿಂದ ಹೊಡೆದಾಗ, ಶಾಂತರಾಗಿದ್ದವರೂ ಕಲ್ಲೆಸೆಯುವವರ ಜೊತೆ ಒಂದಾಗುತ್ತಾರೆ. 2004ರಲ್ಲಿ ಪೋರ್ಚುಗಲ್‌ನಲ್ಲಿ ಯುರೋಪಿನ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಅಲ್ಲಿನ ಪೊಲೀಸರು ಈ ವಿದ್ವಾಂಸರ ಸಲಹೆ ಪಡೆದರು. ಎರಡೆರಡು ಜನ ಪೊಲೀಸರು ಸಾಮಾನ್ಯ ಸಮವಸ್ತ್ರದಲ್ಲಿ ಅಭಿಮಾನಿಗಳ ನಡುವೆ ಮಾತನಾಡುತ್ತ ಓಡಾಡಿದರು, ಗಲಭೆ ನಿಗ್ರಹ ದಳ ಕಣ್ಣಿಗೆ ಬೀಳದಂತೆ ಹಿಂದೆ ನಿಂತಿತು. ಪುಂಡಾಟಕ್ಕೆ ಕುಖ್ಯಾತರಾಗಿದ್ದ ಇಂಗ್ಲೆಂಡಿನ ಅಭಿಮಾನಿಗಳ ನಡುವೆಯೂ ಪಂದ್ಯ ನಡೆದ ನಗರಗಳು ಬಹುತೇಕ ಶಾಂತವಾಗಿದ್ದವು. ಅಮೆರಿಕದ ಟಾಮ್ ಟೈಲರ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರು ಕಾನೂನನ್ನು ಪಾಲಿಸುವುದು ಶಿಕ್ಷೆಯ ಭಯಕ್ಕಿಂತ ಹೆಚ್ಚಾಗಿ ತಮ್ಮನ್ನು ನ್ಯಾಯವಾಗಿ ನಡೆಸಿಕೊಳ್ಳಲಾಗುತ್ತಿದೆ ಎಂಬ ವಿಶ್ವಾಸದಿಂದ ಎಂಬುದನ್ನು ತೋರಿಸಿಕೊಟ್ಟನು. ಠಾಣೆಗೆ ಬಂದ ಮುದುಕಿಗೆ ಕುರ್ಚಿ ತೋರಿಸಿ "ಕುಳಿತುಕೊಳ್ಳಿ ಅಮ್ಮ" ಎನ್ನುವುದು ಬರಿಯ ಸೌಜನ್ಯವಲ್ಲ, ಅದು ಕಾನೂನಿನ ಬುಡಕ್ಕೆ ಎರೆದ ನೀರು ಎಂದು ಈ ಅಧ್ಯಯನದ ಸಾರವನ್ನು ನಾವು ಹೇಳಬಹುದು.

ಹಾಗಾದರೆ ಓದಿದವರೆಲ್ಲ ಒಳ್ಳೆಯ ಅಧಿಕಾರಿಗಳಾಗುತ್ತಾರೆಯೇ? ಇಲ್ಲ. ನಮ್ಮ ರಾಜ್ಯದಲ್ಲಿ 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೇ ಅಕ್ರಮ ನಡೆದದ್ದು ಬಯಲಾಗಿ, 2022ರಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟು ದಿನ ಪ್ರಾಮಾಣಿಕವಾಗಿ ಓದಿದ ಯುವಜನರ ಪಾಡೇನಾಗಿರಬೇಕು! ಜ್ಞಾನ ಬೇರೆ, ವಿವೇಕ ಬೇರೆ ಎಂದು ಅರಿಸ್ಟಾಟಲನು ಬಹು ಹಿಂದೆಯೇ ವಿಂಗಡಿಸಿದ್ದಾನೆ. ಅವನನ್ನು ಅನುಸರಿಸಿದ ಸಂತ ಥೋಮಸ್ ಆಕ್ವಿನಾಸರು ವಿವೇಕದ ಪ್ರಭೇದಗಳನ್ನು ಹೇಳುವಾಗ ಆಳುವವನ ವಿವೇಕವನ್ನೂ ಸೇನಾನಾಯಕನ ವಿವೇಕವನ್ನೂ ಪ್ರತ್ಯೇಕವಾಗಿ ಗಣಿಸಿದ್ದಾರೆ. ಪರರ ಮೇಲೆ ಬಲವನ್ನು ಪ್ರಯೋಗಿಸುವ ಅಧಿಕಾರವುಳ್ಳವನಿಗೆ ವಿಶೇಷ ವಿವೇಕ ಬೇಕೆಂಬುದು ಇದರ ತಾತ್ಪರ್ಯ. ವಿವೇಕದ ಅಂಗಗಳೆಂದು ಅವರು ಸ್ಮರಣೆ, ಕಲಿಯುವ ವಿನಯ, ಮುಂದಾಲೋಚನೆ, ಸುತ್ತಲಿನ ಪರಿಸ್ಥಿತಿಯ ಅವಲೋಕನ, ಎಚ್ಚರ ಮುಂತಾದವನ್ನು ಹೆಸರಿಸುತ್ತಾರೆ. ಈ ಪಟ್ಟಿಯನ್ನು ಓದುವಾಗ ಒಬ್ಬ ಉತ್ತಮ ಠಾಣಾಧಿಕಾರಿಯ ಚಿತ್ರವೇ ನಮ್ಮ ಕಣ್ಣೆದುರು ನಿಲ್ಲುತ್ತದೆ. ವಿದ್ಯಾಲಯ ಇವುಗಳಲ್ಲಿ ಮೊದಲ ಎರಡನ್ನು ಕೊಡಬಲ್ಲದು, ಅಂದರೆ ಹಿಂದಿನ ಪ್ರಕರಣಗಳ ಸ್ಮರಣೆ ಮತ್ತು ಕಲಿಯುವ ವಿನಯ. ಉಳಿದವನ್ನು ಮನೆ, ಧರ್ಮಕೇಂದ್ರ ಮತ್ತು ಅನುಭವ ಕೊಡಬೇಕು. ಒಂದು ಇನ್ನೊಂದಕ್ಕೆ ಬದಲಿಯಾಗಲಾರದು.

ವ್ಯಕ್ತಿ ಒಳ್ಳೆಯವನಾದರೂ ವ್ಯವಸ್ಥೆ ಅವನನ್ನು ನಿಲ್ಲಗೊಡದಿದ್ದರೆ ಏನು ಫಲ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನು ನೀಡಿತು. ಮುಖ್ಯ ಹುದ್ದೆಗಳಲ್ಲಿರುವವರಿಗೆ ಕನಿಷ್ಠ ಎರಡು ವರ್ಷಗಳ ಅವಧಿ, ತನಿಖೆ ಮತ್ತು ಬಂದೋಬಸ್ತಿನ ಕೆಲಸಗಳ ಪ್ರತ್ಯೇಕತೆ, ಪೊಲೀಸರ ಮೇಲಿನ ದೂರುಗಳಿಗಾಗಿ ಪ್ರತ್ಯೇಕ ಪ್ರಾಧಿಕಾರ ಇವು ಅವುಗಳಲ್ಲಿ ಕೆಲವು. ಕರ್ನಾಟಕವೂ 2012ರಲ್ಲಿ ತನ್ನ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಆದರೆ ಕಾಗದದ ಮೇಲಿನ ಸುಧಾರಣೆ ಠಾಣೆಯ ಬಾಗಿಲಿಗೆ ಬರಬೇಕಾದರೆ ಅದನ್ನು ಕೇಳಿ ಪಡೆಯುವ ನಾಗರಿಕರೂ, ಒಳಗಿನಿಂದ ಅದಕ್ಕಾಗಿ ದುಡಿಯುವ ಅಧಿಕಾರಿಗಳೂ ಬೇಕು. ಹಕ್ಕೊತ್ತಾಯ ಪತ್ರ ಹಿಡಿದು ಹೊರಗೆ ನಿಲ್ಲುವುದರಲ್ಲಿ ನಮ್ಮ ಸಮುದಾಯಕ್ಕೆ ಅಭ್ಯಾಸವಿದೆ. ಒಳಗೆ ಕುಳಿತು ಹೊಣೆ ಹೊರುವುದರಲ್ಲಿ ಅಷ್ಟಾಗಿ ಇಲ್ಲ.

ಆದರೂ ಆದರ್ಶಗಳ ಕೊರತೆ ನಮಗಿಲ್ಲ. ಗೋವಾ ಮೂಲದ ಜೂಲಿಯೋ ರಿಬೇರೊ ಮುಂಬಯಿಯ ಪೊಲೀಸ್ ಕಮಿಷನರ್ ಆಗಿದ್ದವರು. 1986ರಲ್ಲಿ, ಪಂಜಾಬ್ ಹೊತ್ತಿ ಉರಿಯುತ್ತಿದ್ದ ಕಾಲದಲ್ಲಿ, ಅಲ್ಲಿನ ಪೊಲೀಸ್ ಮಹಾನಿರ್ದೇಶಕರಾಗಿ ಹೋದರು. ಅದೇ ವರ್ಷ ಜಲಂಧರಿನಲ್ಲಿಯೂ, 1991ರಲ್ಲಿ ರೊಮೇನಿಯಾದ ರಾಯಭಾರಿಯಾಗಿದ್ದಾಗ ಬುಖಾರೆಸ್ಟಿನಲ್ಲಿಯೂ ಅವರ ಪ್ರಾಣಕ್ಕೆ ಹೊಂಚು ಹಾಕಲಾಯಿತು. ನಮ್ಮ ಮಂಗಳೂರಿನವರೇ ಆದ ಜಾನ್ ಮೈಕಲ್ ಕುನ್ಹ ಅವರು ವಿಶೇಷ ನ್ಯಾಯಾಧೀಶರಾಗಿ 2014ರ ಸೆಪ್ಟೆಂಬರ್ 27ರಂದು, ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಜಯಲಲಿತಾ ಅವರನ್ನು ಅಕ್ರಮ ಆಸ್ತಿ ಪ್ರಕರಣದಲ್ಲಿ ದೋಷಿಯೆಂದು ಘೋಷಿಸಿದರು. ಹೈಕೋರ್ಟ್ ಆ ತೀರ್ಪನ್ನು ರದ್ದುಪಡಿಸಿದರೂ, 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕುನ್ಹ ಅವರ ತೀರ್ಪಿನ ವಿಶ್ಲೇಷಣೆಯನ್ನೇ ಎತ್ತಿಹಿಡಿಯಿತು. ಮುಖ ನೋಡದೆ, ಮುಂದಿಟ್ಟ ಸಾಕ್ಷ್ಯವನ್ನಷ್ಟೇ ನೋಡುವ ಧೈರ್ಯ ಇಂಥವರದು.

ಇನ್ನು ತಂದೆತಾಯಿಗಳು ನ್ಯಾಯವಾಗಿ ಕೇಳುವ ಪ್ರಶ್ನೆ: ಓದಿದರೆ ಉದ್ಯೋಗ ಸಿಗುವುದೇ? ಇಲ್ಲಿ ಸತ್ಯವನ್ನೇ ಹೇಳಬೇಕು. ಅಪರಾಧಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದ ಮಾತ್ರಕ್ಕೆ ಯಾರೂ ಪೊಲೀಸ್ ಅಧಿಕಾರಿಯಾಗುವುದಿಲ್ಲ. ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಯಾವುದೇ ಪದವಿ ಸಾಕು, ಆದರೆ ಲಿಖಿತ ಪರೀಕ್ಷೆ ಮತ್ತು ದೇಹದಾರ್ಢ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಡಿವೈಎಸ್ಪಿ ಹುದ್ದೆಗೆ ರಾಜ್ಯ ಲೋಕಸೇವಾ ಆಯೋಗದ, ಐಪಿಎಸ್‌ಗೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗಳಿವೆ. ಕೇಂದ್ರದ ಆ ಪರೀಕ್ಷೆಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಅಪರಾಧಶಾಸ್ತ್ರ ಇಲ್ಲವೆಂಬುದನ್ನೂ ಗಮನಿಸಬೇಕು. ಆದರೆ ಇಲಾಖೆಯ ಹೊರಗೂ ಬಾಗಿಲುಗಳಿವೆ. ವಿಧಿವಿಜ್ಞಾನ ಪ್ರಯೋಗಾಲಯಗಳು, ಬ್ಯಾಂಕು ಮತ್ತು ವಿಮಾ ಸಂಸ್ಥೆಗಳ ವಂಚನೆ ಪತ್ತೆ ವಿಭಾಗಗಳು, ಸೈಬರ್ ಅಪರಾಧದ ತನಿಖೆಗೆ ನೆರವಾಗುವ ಕಂಪೆನಿಗಳು, ಮಕ್ಕಳ ರಕ್ಷಣಾ ಘಟಕಗಳು, ಪರಿವೀಕ್ಷಣಾಧಿಕಾರಿಯ ಹುದ್ದೆ, ಸೆರೆಮನೆಯ ಕಲ್ಯಾಣ ಕಾರ್ಯ, ನೊಂದ ಮಹಿಳೆಯರ ಸಖಿ ಕೇಂದ್ರಗಳು, ಕಾಲೇಜು ಅಧ್ಯಾಪನ ಹೀಗೆ. ಅಧ್ಯಾಪನಕ್ಕೆ ಬೇಕಾದ ಯುಜಿಸಿ ಅರ್ಹತಾ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರವೂ ವಿಧಿವಿಜ್ಞಾನವೂ ಪ್ರತ್ಯೇಕ ವಿಷಯಗಳಾಗಿವೆ. ಪ್ರಯೋಗಾಲಯದ ಹುದ್ದೆಗಳಿಗೆ ಪದವಿಯಲ್ಲಿ ವಿಜ್ಞಾನ ಓದಿರಬೇಕೆಂಬ ನಿಯಮ ಸಾಮಾನ್ಯವಾದ್ದರಿಂದ, ಸೇರುವ ಮೊದಲೇ ಆ ಬಗೆಗೆ ವಿಚಾರಿಸಿಕೊಳ್ಳುವುದು ಜಾಣತನ. ಈಗಾಗಲೇ ಕೆಲಸದಲ್ಲಿರುವ ಪೇದೆಗಳು, ಸೆರೆಮನೆ ಸಿಬ್ಬಂದಿ, ವಕೀಲರು ಮನೆಯಲ್ಲಿಯೇ ಓದುವುದಾದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಅಪರಾಧ ನ್ಯಾಯದ ಸ್ನಾತಕೋತ್ತರ ಡಿಪ್ಲೊಮಾದಂತಹ ವ್ಯಾಸಂಗಗಳುಂಟು. ಗುಜರಾತಿನ ಗಾಂಧಿನಗರದಲ್ಲಿ 2020ರಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾನಿಲಯವೂ ರಾಷ್ಟ್ರೀಯ ವಿಧಿವಿಜ್ಞಾನಗಳ ವಿಶ್ವವಿದ್ಯಾನಿಲಯವೂ ಕೇಂದ್ರದ ಶಾಸನದಿಂದ ಅಸ್ತಿತ್ವಕ್ಕೆ ಬಂದಿವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ದೂರು ಹೇಳಲು ಬಂದ ಹೆಣ್ಣು ಠಾಣೆಯಲ್ಲಿ ತನ್ನಂತಹ ಇನ್ನೊಬ್ಬಳ ಮುಖ ಕಂಡಾಗ ಅರ್ಧ ಧೈರ್ಯ ತಾನಾಗಿ ಬರುತ್ತದೆ. ಸಯನೈಡ್ ಪ್ರಕರಣದ ಆ 20 ಮಂದಿಯಲ್ಲಿ ಎಷ್ಟೋ ಜನರ ಮನೆಯವರು ಮರ್ಯಾದೆಗೆ ಅಂಜಿ ದೂರನ್ನೇ ಕೊಡದೆ ಸುಮ್ಮನಿದ್ದರು. ಓಡಿಹೋದವಳು ಎಂದು ಊರು ಆಡಿಕೊಂಡೀತೆಂಬ ಭಯ ಅವರದು. "ಠಾಣೆಯ ಮೆಟ್ಟಿಲು ಹತ್ತದ ಮನೆತನ" ಎಂಬ ಹೆಮ್ಮೆಯ ಇನ್ನೊಂದು ಮುಖವನ್ನು ಇಲ್ಲಿ ಕಾಣಬಹುದು. ಮೆಟ್ಟಿಲು ಹತ್ತದಿರುವುದು ಪುಣ್ಯವೆಂದು ನಾವು ಭಾವಿಸಿರುವವರೆಗೂ ಆ ಮೆಟ್ಟಿಲುಗಳು ಬಡವರಿಗೂ ನೊಂದವರಿಗೂ ಭಯದ ಮೆಟ್ಟಿಲುಗಳಾಗಿಯೇ ಉಳಿಯುತ್ತವೆ.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಮಕ್ಕಳು ಈ ವ್ಯಾಸಂಗದ ಮಾತೆತ್ತಿದಾಗ ತಂದೆತಾಯಿಗಳು ಕೂಡಲೇ ಬೇಡವೆನ್ನದಿರಲಿ. ಕಾಲೇಜಿಗೆ ಹೋಗಿ ಪಠ್ಯಕ್ರಮ ನೋಡಲಿ, ಓದಿ ಮುಗಿಸಿದವರೊಂದಿಗೆ ಮಾತನಾಡಲಿ, ಉದ್ಯೋಗದ ವಿಷಯದಲ್ಲಿ ನೇರವಾಗಿ ಪ್ರಶ್ನಿಸಲಿ. ಗುರಿಕಾರರು ತಮ್ಮ ವಾರ್ಡುಗಳಲ್ಲಿ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಸಿದ್ಧರಾಗುತ್ತಿರುವ ಯುವಜನರಿದ್ದರೆ ಅವರಿಗೆ ಪುಸ್ತಕ ಮತ್ತು ಓದಲು ಜಾಗ ಒದಗಿಸುವ ಬಗೆಗೆ ಯೋಚಿಸಲಿ. ಸಂಜೆಯ ವೇಳೆ ಬರಿದಾಗಿರುವ ನಮ್ಮ ಸಭಾಭವನಗಳ ಒಂದು ಕೋಣೆ ಇದಕ್ಕೆ ಸಾಕು. ಈ ಸೌಲಭ್ಯ ನಮ್ಮವರಿಗೆ ಮಾತ್ರ ಎಂದಾಗದೆ ನೆರೆಕರೆಯ ಎಲ್ಲ ಮತದ ಮಕ್ಕಳಿಗೂ ತೆರೆದಿರಲಿ. ಏಕೆಂದರೆ ನಮಗೆ ಬೇಕಾಗಿರುವುದು ನಮ್ಮ ಪರವಾಗಿ ನಿಲ್ಲುವ ಪೊಲೀಸ್ ಅಧಿಕಾರಿಗಳಲ್ಲ, ಯಾರ ಪರವೂ ನಿಲ್ಲದೆ ನ್ಯಾಯದ ಪರ ನಿಲ್ಲುವವರು. ಅಂಥವರು ಆಕಾಶದಿಂದ ಇಳಿದು ಬರುವುದಿಲ್ಲ. ಯಾವುದೋ ಒಂದು ಮನೆಯಲ್ಲಿ ಹುಟ್ಟಿ, ಯಾವುದೋ ಒಂದು ತರಗತಿಯಲ್ಲಿ ಓದಿ ಬರುತ್ತಾರೆ. ಆ ತರಗತಿ ನಮ್ಮ ಫಳ್ನೀರಿನ ಪಕ್ಕದಲ್ಲಿಯೇ ಇದೆ. ಆ ಮನೆ ನಮ್ಮದೂ ಆಗಬಾರದೇಕೆ?